‘ದಟ್ಸ್ ಸಿಕ್’ ಅಂದ್ರೆ ಹೊಗಳಿದ್ದೋ, ತೆಗಳಿದ್ದೋ?

ಹೊಸ_ಬಳ್ಳಾರಿ:
ಇಂಗ್ಲಿಷ್ ಪತ್ರಿಕೆ ಓದಿದ್ರೆ ಅರ್ಥ ಆಗತ್ತೆ, ಮೇಲ್ ಬರೆಯೋಕೂ ತೊಂದರೆ ಇಲ್ಲ. ಆದ್ರೆ ಅವರು ಒಬ್ಬರನ್ನೊಬ್ಬರು ಹೊಗಳೋ ಮಾತು ಮಾತ್ರ ತಲೆಕೆಳಗಾಗಿ ಕೇಳಿಸತ್ತೆ. ಒಂದು ಗಿಟಾರ್ ವಿಡಿಯೋ ಕೆಳಗಿರೋ ಕಾಮೆಂಟ್‌ಗಳು ಇವು:

‘ದಟ್ ಸೋಲೋ ವಾಸ್ ಸಿಕ್’
‘ಹಿ ಏಟ್’
‘ದಿಸ್ ಸ್ಲ್ಯಾಪ್ಸ್’
‘ನಾಟ್ ಬ್ಯಾಡ್ ಅಟ್ ಆಲ್, ಮೇಟ್’
‘ಅಬ್ಸೊಲ್ಯೂಟ್ಲಿ ಫಿಲ್ತಿ’
‘ದ ಗೋಟ್’

ಕಾಯಿಲೆ, ಊಟ, ಕಪಾಳಕ್ಕೆ ಏಟು, ಕೊಳಕು, ಆಡು. ನಿಘಂಟಿನಲ್ಲಿ ಇಷ್ಟೇ ಸಿಗತ್ತೆ. ಮೂರು ಪ್ರಶ್ನೆ. ಹೊಗಳಿಕೆನೋ ಬೈಗುಳವೋ ಅಂತ ಗುರುತು ಹಿಡಿಯೋದು ಹೇಗೆ? ಯಾರಾದ್ರೂ ನಮಗೇ ಹೀಗಂದ್ರೆ ಏನು ಉತ್ತರ ಕೊಡಬೇಕು? ಇದರಲ್ಲಿ ಆಫೀಸಿನಲ್ಲಿ ಬಳಸಬಹುದಾದದ್ದು ಯಾವುದು?

ಗುರುಪದ:
ಆರಕ್ಕೆ ಆರೂ ಹೊಗಳಿಕೆನೇ.

ತುಂಗೆ_ತೀರ:
ಹೌದು, ಆದ್ರೆ ‘ಆರೂ ಹೊಗಳಿಕೆ’ ಅಂತ ಬಾಯಿಪಾಠ ಮಾಡಿದ್ರೆ ಏಳನೇದು ಬಂದಾಗ ಮತ್ತೆ ಸಿಕ್ಕಿಹಾಕ್ಕೋತಾರೆ. ‘ಸಿಕ್’ ಒಂದನ್ನೇ ಬಿಡಿಸಿ ನೋಡೋಣ.

ಮೊದಲು ನೋಡಬೇಕಾದ್ದು ಮಾತು ಯಾವುದರ ಬಗ್ಗೆ ಅನ್ನೋದು. ‘ದಟ್ ಸೋಲೋ ವಾಸ್ ಸಿಕ್’, ‘ಸಿಕ್ ಬೈಕ್’, ‘ಸಿಕ್ ಕ್ಯಾಚ್’. ವಸ್ತು, ಆಟ, ಸಂಗೀತ, ಸಾಹಸದ ಬಗ್ಗೆ ಬಂದ್ರೆ ಹೆಚ್ಚಿನ ಸಲ ಹೊಗಳಿಕೆ. ‘ಶಿ ಈಸ್ ಸಿಕ್’, ‘ಐ ಫೀಲ್ ಸಿಕ್’ ಅಂತ ಮನುಷ್ಯರ ಬಗ್ಗೆ ಬಂದ್ರೆ ಹುಷಾರಿಲ್ಲ ಅಂತ. ಬ್ರಿಟನ್ನಿನಲ್ಲಿ ‘ಐ ಫೀಲ್ ಸಿಕ್’ ಅಂದ್ರೆ ವಾಂತಿ ಬರೋ ಹಾಗಿದೆ ಅಂತಲೇ ಅರ್ಥ.

ಆಮೇಲೆ ಪಕ್ಕದಲ್ಲಿ ಅಂಟಿಕೊಂಡಿರೋ ಪದ. ‘ಸಿಕ್ ಆಫ್ ದಿಸ್’ ಅಂದ್ರೆ ಬೇಸತ್ತು ಹೋಗಿದೆ. ‘ಸಿಕ್ ಜೋಕ್’ ಅಂದ್ರೆ ಸಾವುನೋವನ್ನ ಇಟ್ಕೊಂಡು ಮಾಡೋ ಕೆಟ್ಟ ತಮಾಷೆ. ಇವು ಯಾವ ಕಾಲಕ್ಕೂ ಹೊಗಳಿಕೆ ಆಗಲ್ಲ.

ಕೊನೆಗೆ, ಆ ಮಾತಿಗೆ ಮುಂಚೆ ಏನಾಯ್ತು ಅಂತ ನೋಡಿ. ಯಾರೋ ನಾಯಿಗೆ ಹೊಡೆಯೋ ವಿಡಿಯೋ ಕೆಳಗೆ ‘ದಟ್ಸ್ ಸಿಕ್’ ಅಂತ ಇದ್ರೆ ಅದು ಅಸಹ್ಯ. ಸ್ಕೇಟ್‌ಬೋರ್ಡ್ ಹಾರಿಸೋ ವಿಡಿಯೋ ಕೆಳಗೆ ಅದೇ ಎರಡು ಪದ ಇದ್ರೆ ಶಭಾಷ್. ಪದದಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಗಿರಮಿಟ್_ಮಿರ್ಚಿ:
ಇದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ? ‘ಖತರ್ನಾಕ್ ಆಡಿದಾ’ ಅಂತೀವಲ್ರಿ ನಾವು, ಅದ ಇದು. ಖತರ್ನಾಕ್ ಅಂದ್ರ ಅಪಾಯಕಾರಿ ಅಂತ ಅರ್ಥ. ಆಟಗಾರಗ ಅಂದ್ರ ಹೊಗಳಿದಂಗ, ರಸ್ತೆಗ ಅಂದ್ರ ಹುಷಾರ್ ಅಂದಂಗ. ಯಾರ ಕಲಿಸ್ಯಾರ ನಮಗ?

ತುಂಗೆ_ತೀರ:
ಸರಿಯಾಗಿ ಹೇಳಿದ್ರಿ! ‘ಬೆಂಕಿ’ನೂ ಸೇರಿಸಿ. ‘ಬೆಂಕಿ ಗುರು’ ಅನ್ನೋದೂ ‘ಫೈರ್’ ಅನ್ನೋದೂ ಒಂದೇ. ‘ಚಿಂದಿ ಮಾಡ್ಬಿಟ್ಟ’ ಅಂದ್ರೆ ‘ಹಿ ರಿಪ್ಡ್ ಇಟ್’.

ಅರೆನಿದ್ದೆ:
@ತುಂಗೆ_ತೀರ ಒಂದು ತಿದ್ದುಪಡಿ. ಮನುಷ್ಯರ ಬಗ್ಗೆ ಬಂದ್ರೆ ಕಾಯಿಲೆ ಅನ್ನೋದು ಯಾವಾಗ್ಲೂ ನಿಲ್ಲಲ್ಲ. ‘ಹಿ ಈಸ್ ಸಿಕ್ ಆನ್ ದ ಡ್ರಮ್ಸ್’, ‘ಶಿ ಈಸ್ ಸಿಕ್ ಅಟ್ ಚೆಸ್’ ಎರಡೂ ಹೊಗಳಿಕೆ. ಹಿಂದೆ ‘ಆನ್’ ಅಥವಾ ‘ಅಟ್’ ಹಾಕಿ ಯಾವ ವಿದ್ಯೆಯಲ್ಲಿ ಅಂತ ಹೇಳಿದ್ರೆ ಕಾಯಿಲೆ ಅರ್ಥ ಮಾಯ.

ತುಂಗೆ_ತೀರ:
ಒಪ್ಪಿದೆ. ಅದನ್ನ ಬಿಟ್ಟಿದ್ದು ತಪ್ಪು.

ಕಡಲ_ತಡಿ:
‘ಸ್ಲ್ಯಾಪ್ಸ್’ ಬಗ್ಗೆ ಯಾರೂ ಹೇಳ್ಲಿಲ್ಲ ಅಲ್ವಾ ಮಾರಾಯ್ರೆ. ಅಲ್ಲಿ ವ್ಯಾಕರಣವೇ ಗುಟ್ಟು ಬಿಟ್ಟುಕೊಡ್ತದೆ. ಹೊಡೆಯುವ ಅರ್ಥದಲ್ಲಿ ‘ಸ್ಲ್ಯಾಪ್’ಗೆ ಕರ್ಮಪದ ಬೇಕು, ಯಾರಿಗೆ ಹೊಡೆದ ಅಂತ. ಹೊಗಳುವಾಗ ಕರ್ಮಪದ ಇಲ್ಲ. ‘ದಿಸ್ ಸಾಂಗ್ ಸ್ಲ್ಯಾಪ್ಸ್’, ಚುಕ್ಕೆ. ‘ದಿಸ್ ಬಿರಿಯಾನಿ ಸ್ಲ್ಯಾಪ್ಸ್’, ಚುಕ್ಕೆ. ‘ಬ್ಯಾಂಗ್ಸ್’, ‘ರಾಕ್ಸ್’ ಕೂಡ ಹಾಗೇ ಉಂಟು. ‘ಏಟ್’ ಕೂಡ: ‘ಹಿ ಏಟ್’ ಅಂತ ನಿಂತುಬಿಟ್ಟರೆ ಅದ್ಭುತವಾಗಿ ಮಾಡಿದ ಅಂತ. ಅದರ ಬಾಲ ‘ಅಂಡ್ ಲೆಫ್ಟ್ ನೋ ಕ್ರಂಬ್ಸ್’. ತಟ್ಟೆಯಲ್ಲಿ ಒಂದು ಚೂರೂ ಉಳಿಸಲಿಲ್ಲ, ಅಂದರೆ ಕೆಲಸದಲ್ಲಿ ಒಂದು ಕೊರತೆಯೂ ಇಲ್ಲ.

ಇನ್ನೊಂದು ಗುಂಪಿಗೆ ‘ಇಟ್’ ಬೇಕೇ ಬೇಕು: ‘ಕಿಲ್ಡ್ ಇಟ್’, ‘ನೈಲ್ಡ್ ಇಟ್’, ‘ಕ್ರಷ್ಡ್ ಇಟ್’, ಬ್ರಿಟನ್ನಿನಲ್ಲಿ ‘ಸ್ಮ್ಯಾಶ್ಡ್ ಇಟ್’. ಇಲ್ಲಿ ‘ಇಟ್’ ಅಂದ್ರೆ ಮಾಡಿದ ಕೆಲಸ. ‘ಇಟ್’ ತೆಗೆದು ಬೇರೆ ಪದ ಹಾಕಿದ್ರೆ ಅರ್ಥ ಹಾಳು. ‘ಯು ಕಿಲ್ಡ್ ದ ಮೂಡ್’ ಅಂದ್ರೆ ಖುಷಿ ಕೆಡಿಸಿದೆ. ವಾಕ್ಯ ತಿರುಗಿಸಿ ‘ವಿ ಗಾಟ್ ಕ್ರಷ್ಡ್’ ಅಂದ್ರೆ ಹೀನಾಯ ಸೋಲು.

ಎಲ್ಲಕ್ಕಿಂತ ಅಪಾಯದ್ದು ‘ಯು ಬ್ಲೂ ಇಟ್’ (ಇಲ್ಲಿ ‘ಬ್ಲೂ’ ನೀಲಿ ಅಲ್ಲ, ‘ಬ್ಲೋ’ ಅನ್ನುವುದರ ಭೂತಕಾಲ). ಅದು ‘ಕಿಲ್ಡ್ ಇಟ್’ನ ತಮ್ಮನ ಹಾಗೆ ಕಾಣ್ತದೆ, ಆದರೆ ಅರ್ಥ ಉಲ್ಟಾ: ಕೈಗೆ ಬಂದದ್ದನ್ನು ಕೆಡಿಸಿಕೊಂಡೆ ಅಂತ. ‘ಯು ಬ್ಲೂ ಮಿ ಅವೇ’ ಅಂದ್ರೆ ಮಾತ್ರ ಹೊಗಳಿಕೆ, ನಾನು ಬೆರಗಾದೆ ಅಂತ. ಸಂದರ್ಶನ ಚೆನ್ನಾಗಿ ಮಾಡಿದ ಗೆಳೆಯನಿಗೆ ‘ಯು ಬ್ಲೂ ಇಟ್’ ಅಂತ ಬರೆದು ಕಳಿಸಬೇಡಿ.

ಹೊಸ_ಬಳ್ಳಾರಿ:
ಈ ಕರ್ಮಪದದ ಗುರುತು ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಥ್ಯಾಂಕ್ಸ್ ಸರ್.

ಕಡಲ_ತಡಿ:
ಸರ್ ಅಲ್ಲ, ಅಕ್ಕ ಅನ್ನಿ.

ಪಿಚ್_ರಿಪೋರ್ಟ್:
‘ಫಿಲ್ತಿ’ ಮತ್ತು ‘ನ್ಯಾಸ್ಟಿ’ ಆಟದ ಮೈದಾನದಲ್ಲಿ ಜೋರಾಗಿ ಓಡ್ತವೆ. ಬೇಸ್‌ಬಾಲ್‌ನಲ್ಲಿ ‘ನ್ಯಾಸ್ಟಿ ಸ್ಲೈಡರ್’ ಅಂದ್ರೆ ಬ್ಯಾಟರ್‌ಗೆ ಆಡಲಿಕ್ಕೇ ಆಗದ ಎಸೆತ, ಎಸೆದವನಿಗೆ ಹೊಗಳಿಕೆ. ಕ್ರಿಕೆಟ್‌ನಲ್ಲಿ ‘ನ್ಯಾಸ್ಟಿ ಬೌನ್ಸರ್’ ಅಂದ್ರೆ ಹಾಗಲ್ಲ, ಅಲ್ಲಿ ತಲೆಗೆ ಬಡಿಯೋ ಭಯದ ಚೆಂಡು ಅನ್ನೋ ನೇರ ಅರ್ಥವೇ ಮುಂದೆ ಬರತ್ತೆ. ಕ್ರಿಕೆಟ್ ಬೌಲರ್‌ನ ಹೊಗಳಬೇಕಾದ್ರೆ ‘ಜಾಫಾ’, ‘ಪೀಚ್ ಆಫ್ ಎ ಡೆಲಿವರಿ’, ‘ಅನ್‌ಪ್ಲೇಯಬಲ್’. ಜಾಫಾ ಕಿತ್ತಳೆ ತಳಿಯ ಹೆಸರು, ಪೀಚ್ ಒಂದು ಹಣ್ಣು. ಕಾಮೆಂಟರಿ ಕೇಳ್ತಾ ‘ಇದೇನು ಹಣ್ಣಿನಂಗಡಿ’ ಅನ್ಕೋಬೇಡಿ.

ಹೊಸ_ಬಳ್ಳಾರಿ:
ಆಡು ಯಾಕೆ ಬಂತು ಅಂತ ಇನ್ನೂ ಗೊತ್ತಾಗಿಲ್ಲ.

ಅರೆನಿದ್ದೆ:
‘ಗ್ರೇಟೆಸ್ಟ್ ಆಫ್ ಆಲ್ ಟೈಮ್’ ಅನ್ನೋದರ ಮೊದಲಕ್ಷರಗಳು ಸೇರಿ ‘ಗೋಟ್’. ಸಾರ್ವಕಾಲಿಕ ಶ್ರೇಷ್ಠ ಅಂತ. ಬಾಕ್ಸರ್ ಮಹಮ್ಮದ್ ಅಲಿ ‘ನಾನೇ ಗ್ರೇಟೆಸ್ಟ್’ ಅಂತಿದ್ರಲ್ಲ, ಅವರ ಪತ್ನಿ ಲಾನಿ ಅಲಿ 1992ರಲ್ಲಿ ಈ ನಾಲ್ಕು ಅಕ್ಷರದ ಹೆಸರಲ್ಲಿ ಒಂದು ಕಂಪನಿ ನೋಂದಾಯಿಸಿದ್ರು. ಈಗ ಆಡಿನ ಇಮೋಜಿ ಒಂದೇ ಹಾಕಿದ್ರೂ ಅದೇ ಅರ್ಥ.

ಆದ್ರೆ ಹಳೇ ಅಮೆರಿಕನ್ ಕ್ರೀಡಾ ವರದಿ ಓದುವಾಗ ಎಚ್ಚರ. ಅಲ್ಲಿ ‘ದ ಗೋಟ್’ ಅಂದ್ರೆ ಪಂದ್ಯ ಸೋಲೋಕೆ ಕಾರಣ ಅಂತ ಎಲ್ಲರೂ ಬೆರಳು ತೋರಿಸಿದ ಆಟಗಾರ. ಬಲಿಪಶು ಅನ್ನೋ ‘ಸ್ಕೇಪ್‌ಗೋಟ್’ನಿಂದ ಬಂದದ್ದು. ಹಾಗಾಗಿ ಬರಹದ ಕಾಲ ನೋಡದೆ ಅರ್ಥ ಮಾಡ್ಕೋಬಾರದು.

ಮೇಷ್ಟ್ರು_ಮಂಡ್ಯ:
ಚರ್ಚೆ ಒಳ್ಳೇ ದಾರೀಲಿದೆ ಕಣ್ರಪ್ಪ. ಇದಕ್ಕೆ ‘ದ’ ಅನ್ನೋ ಪುಟ್ಟ ಪದದ ಮಹಿಮೆ ಸೇರಿಸ್ತೀನಿ. ನಮ್ಮ ಭಾಷೇಲಿ ಆರ್ಟಿಕಲ್ ಇಲ್ಲ, ಅದಕ್ಕೇ ಕಿವಿ ಅದನ್ನ ಹಾರಿಸಿಬಿಡುತ್ತೆ. ಪೋಲಿಮಾತಲ್ಲಿ ಅದೇ ತೀರ್ಪು ಕೊಡೋ ಜಾಗ.

‘ದಿಸ್ ಈಸ್ ಶಿಟ್’ ಅಂದ್ರೆ ಹೊಲಸು, ದಂಡ. ‘ದಿಸ್ ಈಸ್ ದ ಶಿಟ್’ ಅಂದ್ರೆ ಇದಕ್ಕಿಂತ ಇನ್ನಿಲ್ಲ. ಒರಟು ಮಾತೇ, ಆದ್ರೆ ಅರ್ಥ ಆಗಬೇಕಲ್ಲ, ಹೇಳ್ತಿದೀನಿ. ಬ್ರಿಟನ್ನಿನಲ್ಲಿ ‘ಬಾಲಕ್ಸ್’ ಅಂದ್ರೆ ಶುದ್ಧ ಸುಳ್ಳು, ಅಸಂಬದ್ಧ. ‘ದ ಡಾಗ್ಸ್ ಬಾಲಕ್ಸ್’ ಅಂದ್ರೆ ಅತ್ಯುತ್ತಮ. ಎರಡೂ ಅಶ್ಲೀಲವೇ. ಅರ್ಥ ಮಾಡ್ಕೊಳ್ಳಿ, ಬಾಯಲ್ಲಿ ತರಬೇಡಿ. ಅದರ ಮರ್ಯಾದಸ್ತ ದಾಯಾದಿಗಳು 1920ರ ದಶಕದ ಅಮೆರಿಕದವು: ‘ದ ಬೀಸ್ ನೀಸ್’, ‘ದ ಕ್ಯಾಟ್ಸ್ ಪಜಾಮಾಸ್’. ಜೇನುನೊಣದ ಮಂಡಿ, ಬೆಕ್ಕಿನ ಪೈಜಾಮ. ಹಿಂದೆ ಗೂಢಾರ್ಥ ಏನೂ ಇಲ್ಲ, ಪ್ರಾಣಿಗೊಂದು ಅಂಗವನ್ನೋ ಬಟ್ಟೆಯನ್ನೋ ಅಂಟಿಸೋದು ಆಗಿನ ಫ್ಯಾಷನ್ನು. ಈಗಲೂ ಅರ್ಥ ಆಗುತ್ತೆ, ಹಳೇ ಕಾಲದ ಮಾತು ಅನ್ನಿಸುತ್ತೆ ಅಷ್ಟೇ.

‘ಬಾಂಬ್’ ಇನ್ನೂ ತೊಡಕು. ಅಮೆರಿಕದಲ್ಲಿ ‘ಯು ಆರ್ ದ ಬಾಂಬ್’ ಅಂದ್ರೆ ಹೊಗಳಿಕೆ. ‘ದ ಶೋ ಬಾಂಬ್ಡ್’ ಅಂದ್ರೆ ತೋಪಾಯ್ತು. ಬ್ರಿಟನ್ನಿನಲ್ಲಿ ‘ಇಟ್ ವೆಂಟ್ ಲೈಕ್ ಎ ಬಾಂಬ್’ ಅಂದ್ರೆ ಭರ್ಜರಿ ಯಶಸ್ಸು. ವಿಮಾನ ನಿಲ್ದಾಣದಲ್ಲಿ ಈ ಪದ ಯಾವ ಅರ್ಥದಲ್ಲೂ ಬೇಡ.

ಗಿರಮಿಟ್_ಮಿರ್ಚಿ:
ಮೇಷ್ಟ್ರ, ‘ದ’ ಒಂದ ಇದ್ರ ಹೊಗಳಿಕಿ, ಇಲ್ಲಂದ್ರ ಬೈಗುಳ ಅಂತ ಹಿಡೀಬಹುದೇನ್ರಿ?

ಮೇಷ್ಟ್ರು_ಮಂಡ್ಯ:
ಇಲ್ಲಪ್ಪ, ನಾಮಪದಕ್ಕೆ ಮಾತ್ರ. ಅದೂ ‘ಇದೇ ನಂಬರ್ ಒನ್’ ಅನ್ನೋ ಅರ್ಥ ಬರೋ ಕಡೆ. ‘ದ ಪಿಟ್ಸ್’ ಅಂದ್ರೆ ಅತ್ಯಂತ ಕೆಟ್ಟದ್ದು, ಅಲ್ಲೂ ‘ದ’ ಇದೆ.

ಥೇಮ್ಸ್_ಕಾವೇರಿ:
ಎಲ್ಲರೂ ಬಣ್ಣದ ಪದಗಳ ಹಿಂದೆ ಬಿದ್ದಿದ್ದೀರಿ. ಕಲಿಯುವವರನ್ನ ನಿಜವಾಗಿ ಕೆಡವೋದು ‘ನಾಟ್ ಬ್ಯಾಡ್’ ಮತ್ತು ‘ಕ್ವೈಟ್’.

ಬ್ರಿಟಿಷರ ‘ನಾಟ್ ಬ್ಯಾಡ್ ಅಟ್ ಆಲ್’ ದೊಡ್ಡ ಹೊಗಳಿಕೆ. ‘ನಾಟ್ ಹಾಫ್ ಬ್ಯಾಡ್’ ಕೂಡ. ಅವರು ಮೆಚ್ಚುಗೆಯನ್ನ ಒಂದು ಮೆಟ್ಟಿಲು ಇಳಿಸಿ ಹೇಳ್ತಾರೆ, ನಾವು ಕೇಳುವಾಗ ಒಂದು ಮೆಟ್ಟಿಲು ಏರಿಸ್ಕೋಬೇಕು.

‘ಕ್ವೈಟ್ ಗುಡ್’ ಬೇರೆ ಕಥೆ. ಅಮೆರಿಕನ್ ಹೇಳಿದ್ರೆ ‘ತುಂಬಾ ಚೆನ್ನಾಗಿದೆ’. ಬ್ರಿಟಿಷ್ ಹೇಳಿದ್ರೆ ಸಾಮಾನ್ಯವಾಗಿ ‘ತಕ್ಕಮಟ್ಟಿಗೆ ಇದೆ’. ಅದರಲ್ಲೂ ಒತ್ತು ಎಲ್ಲಿ ಬೀಳತ್ತೆ ನೋಡಿ. ‘ಕ್ವೈಟ್’ ಮೇಲೆ ಒತ್ತು ಬಿದ್ರೆ ಹಿಂದೊಂದು ‘ಆದ್ರೆ’ ಬಾಕಿ ಇದೆ ಅಂತ ತಿಳ್ಕೊಳ್ಳಿ. ‘ಗುಡ್’ ಮೇಲೆ ಬಿದ್ರೆ ‘ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ’. ಆದರೆ ‘ಕ್ವೈಟ್ ಬ್ರಿಲಿಯಂಟ್’, ‘ಕ್ವೈಟ್ ಪರ್ಫೆಕ್ಟ್’ ಅಂದಾಗ ಬ್ರಿಟನ್ನಿನಲ್ಲೂ ಅದು ‘ಪೂರ್ತಿ’ ಅನ್ನೋ ಅರ್ಥ ಕೊಡತ್ತೆ. ಯಾಕಂದ್ರೆ ಆ ಗುಣಗಳಲ್ಲಿ ಹೆಚ್ಚು ಕಡಿಮೆ ಅಂತ ಅಳತೆ ಇಲ್ಲ.

ಅಡಿಕೆ_ತೋಟ:
ನಮ್ಮ ಕಡೆ ‘ಅಡ್ಡಿಲ್ಲ’ ಅಂತೀವಲ್ಲ, ಅದೇ ‘ನಾಟ್ ಬ್ಯಾಡ್’. ಕಾರ್ಯದ ಮನೆಯಲ್ಲಿ ಹಿರಿಯರು ಸಾರು ಉಂಡು ‘ಅಡ್ಡಿಲ್ಲ’ ಅಂದರೆ ಅಡುಗೆಯವನಿಗೆ ಪ್ರಶಸ್ತಿ ಸಿಕ್ಕ ಹಾಗೆ.

ಗುರುಪದ:
ಬೆಂಗಳೂರಲ್ಲಿ ‘ಪರವಾಗಿಲ್ಲ’.

ಥೇಮ್ಸ್_ಕಾವೇರಿ:
‘ಪರವಾಗಿಲ್ಲ’ ಒಪ್ಪಲ್ಲ. ‘ಹೇಗಿದೆ ಸಿನಿಮಾ?’ ‘ಪರವಾಗಿಲ್ಲ’ ಅಂದ್ರೆ ಟಿಕೆಟ್ ದುಡ್ಡಿಗೆ ಮೋಸ ಇಲ್ಲ ಅಂತಷ್ಟೇ. ಅದು ಬ್ರಿಟಿಷರ ‘ಆಲ್‌ರೈಟ್’ಗೆ ಹತ್ತಿರ. ‘ನಾಟ್ ಬ್ಯಾಡ್ ಅಟ್ ಆಲ್’ ಅದಕ್ಕಿಂತ ಮೇಲೆ.

ಗುರುಪದ:
‘ಪರವಾಗಿಲ್ವೇ!’ ಅಂತ ರಾಗ ಎಳೆದು, ಹುಬ್ಬು ಏರಿಸಿ ಹೇಳಿ ನೋಡಿ. ‘ಪರವಾಗಿಲ್ವೇ, ಇಷ್ಟು ಬೇಗ ಮುಗಿಸಿಬಿಟ್ಯಾ!’ ಅದು ಪಕ್ಕಾ ಹೊಗಳಿಕೆ.

ಥೇಮ್ಸ್_ಕಾವೇರಿ:
‘ವೇ’ ಸೇರಿಸಿದ್ರೆ ಹೌದು, ಸೋತೆ.

ಡಬ್ಲಿನ್_ದೋಸೆ:
ಐರ್ಲೆಂಡಿಗೆ ಬರೋ ಕನ್ನಡಿಗರಿಗೆ ಒಂದು ಮಾತು. ಇಲ್ಲಿ ‘ಗ್ರ್ಯಾಂಡ್’ ಅಂದ್ರೆ ಬರೀ ‘ಸರಿ, ಆಯ್ತು’. ನಾವು ‘ಮದುವೆ ಗ್ರ್ಯಾಂಡಾಗಿ ಆಯ್ತು’ ಅಂತೀವಿ, ಆ ಅರ್ಥ ಹಿಡ್ಕೊಂಡು ಬಂದ್ರೆ ‘ಯುವರ್ ರಿಪೋರ್ಟ್ ಈಸ್ ಗ್ರ್ಯಾಂಡ್’ ಅಂದಿದ್ದನ್ನ ಪದಕ ಅಂತ ತಿಳ್ಕೋತೀರಿ. ಇಲ್ಲಿ ನಿಜವಾದ ಹೊಗಳಿಕೆ ‘ಡೆಡ್ಲಿ’, ‘ಸ್ಯಾವೇಜ್’. ಆಸ್ಟ್ರೇಲಿಯಾದ ಮೂಲನಿವಾಸಿಗಳ ಇಂಗ್ಲಿಷಿನಲ್ಲೂ ‘ಡೆಡ್ಲಿ’ ಅಂದ್ರೆ ಅತ್ಯುತ್ತಮ.

ಅರೆನಿದ್ದೆ:
ಊರು ಬದಲಾದ್ರೆ ವ್ಯಾಕರಣವೂ ಬದಲಾಗೋದಕ್ಕೆ ‘ವಿಕೆಡ್’ ನೋಡಿ. ಬ್ರಿಟನ್ನಿನಲ್ಲಿ ‘ವಿಕೆಡ್!’ ಅಂತ ಒಂದೇ ಪದ ಉದ್ಗರಿಸಿದ್ರೆ ಮೆಚ್ಚುಗೆ. ಅಮೆರಿಕದ ಬಾಸ್ಟನ್ ಕಡೆ ಅದು ‘ತುಂಬಾ’ ಅನ್ನೋ ಪದ ಅಷ್ಟೇ. ‘ವಿಕೆಡ್ ಸ್ಮಾರ್ಟ್’ ಅಂದ್ರೆ ಬಹಳ ಬುದ್ಧಿವಂತ, ‘ವಿಕೆಡ್ ಕೋಲ್ಡ್’ ಅಂದ್ರೆ ಭಾರೀ ಚಳಿ. ಅಲ್ಲಿ ಹೊಗಳಿಕೆ ಇರೋದು ‘ಸ್ಮಾರ್ಟ್’ನಲ್ಲಿ.

ಅಡಿಕೆ_ತೋಟ:
‘ಭಯಂಕರ ಚೆಂದ’, ‘ಭಯಂಕರ ಚಳಿ’ ಎರಡೂ ಹೇಳಿದ ಹಾಗಾಯ್ತು.

ಮೇಷ್ಟ್ರು_ಮಂಡ್ಯ:
‘ಟೆರಿಫಿಕ್’ ಕೂಡ ‘ಭಯಂಕರ’ನೇ. ಹೆದರಿಸು ಅನ್ನೋ ಅರ್ಥದ ಲ್ಯಾಟಿನ್ ಧಾತುವಿಂದ ಬಂದದ್ದು, ಮೊದಲು ಭೀಕರ ಅಂತಲೇ ಅರ್ಥ ಇತ್ತು. ‘ನೈಸ್’ನ ಮೂಲ ಲ್ಯಾಟಿನ್ ಪದಕ್ಕೆ ಅಜ್ಞಾನಿ ಅಂತ ಅರ್ಥ. ನಮ್ಮಲ್ಲೂ ನೋಡಿ: ‘ಸಖತ್’ ಪರ್ಷಿಯನ್ ಮೂಲದಲ್ಲಿ ಗಟ್ಟಿ, ಕಠಿಣ. ‘ಮಸ್ತ್’ ಅಂದ್ರೆ ಅಮಲೇರಿದ. ‘ಜಬರ್ದಸ್ತ್’ನಲ್ಲಿ ‘ಜಬರ್’ ಅಂದ್ರೆ ಮೇಲೆ, ‘ದಸ್ತ್’ ಅಂದ್ರೆ ಕೈ. ಅಕ್ಷರಶಃ ಮೇಲುಗೈ!

ಗಿರಮಿಟ್_ಮಿರ್ಚಿ:
ಮೇಲುಗೈ! ಇದು ಮಸ್ತ್ ಆತು ನೋಡ್ರಿ.

ಕಲ್ಲು_ಸಕ್ಕರೆ:
ಕ್ಷಮಿಸಿ, ಒಂದು ಭಿನ್ನ ಅಭಿಪ್ರಾಯ. ಇದೆಲ್ಲ ಆರು ತಿಂಗಳ ಫ್ಯಾಷನ್. ಕಲಿಯೋ ಹೊತ್ತಿಗೆ ಹಳೆಯದಾಗಿರತ್ತೆ. ‘ಎಕ್ಸಲೆಂಟ್’, ‘ವೆಲ್ ಡನ್’ ಸಾಕಲ್ವಾ?

ಕಡಲ_ತಡಿ:
ಮಾತಾಡ್ಲಿಕ್ಕೆ ಸಾಕು, ಕೇಳ್ಲಿಕ್ಕೆ ಸಾಲದು. ಇವತ್ತಿನ ಪ್ರಶ್ನೆ ಕೇಳುವುದರ ಬಗ್ಗೆ. ಎಲ್ಲವೂ ಆರು ತಿಂಗಳಲ್ಲಿ ಸಾಯ್ತದೆ ಅನ್ನುವುದೂ ಸರಿಯಲ್ಲ. ‘ಕೂಲ್’ 1940ರ ದಶಕದ ಜಾಝ್ ಸಂಗೀತಗಾರರಿಂದ ಹರಡಿದ್ದು, ಇವತ್ತಿಗೂ ಗಟ್ಟಿ ಉಂಟು. ‘ಗ್ರೂವಿ’ ಕೂಡ ಜಾಝ್‌ನಿಂದಲೇ ಬಂತು, ಅದು ಹಳತಾಯ್ತು.

ಅರೆನಿದ್ದೆ:
‘ರಿಜ್’ ಅಂದ್ರೆ ಎದುರಿನವರನ್ನ ಸೆಳೆಯೋ ಮೋಡಿ. ಆಕ್ಸ್‌ಫರ್ಡ್ ಅದನ್ನ 2023ರ ವರ್ಷದ ಪದ ಅಂತ ಆರಿಸಿತು. ಅದು ಉಳಿಯತ್ತಾ ಅಂತ ಯಾರೂ ಹೇಳೋಕಾಗಲ್ಲ, ಆದ್ರೆ ಗೊತ್ತಿಲ್ಲದಿದ್ರೆ ಸಂಭಾಷಣೆಯ ಅರ್ಧ ತಪ್ಪಿಹೋಗತ್ತೆ.

ಇನ್ನೊಂದು ವಿಷಯ ಯಾರೂ ಹೇಳಿಲ್ಲ. ‘ಬ್ಯಾಡ್’ ಅನ್ನೋದನ್ನ ‘ಒಳ್ಳೆಯದು’ ಅಂತ ತಿರುಗಿಸಿದ್ದು, ‘ಡೋಪ್’ (ಸಖತ್), ‘ನೋ ಕ್ಯಾಪ್’ (ಸುಳ್ಳಲ್ಲ, ನಿಜ), ಊಟಕ್ಕೆ ಹೇಳೋ ‘ಬಸಿನ್’ (ಭಾರೀ ರುಚಿ), ಇವೆಲ್ಲ ಕಪ್ಪು ಅಮೆರಿಕನ್ನರ ಇಂಗ್ಲಿಷಿನಿಂದ ಬಂದವು. ‘ಸ್ಲೇ’ (ಅದ್ಭುತವಾಗಿ ಮಾಡು) ಮತ್ತು ‘ಸರ್ವ್’ (ಠೀವಿ ತೋರಿಸು) ಮೆರೆದದ್ದು ನ್ಯೂಯಾರ್ಕಿನ ಕಪ್ಪು ಮತ್ತು ಲ್ಯಾಟಿನೊ ಸಲಿಂಗಿ, ಟ್ರಾನ್ಸ್‌ಜೆಂಡರ್ ಸಮುದಾಯದ ‘ಬಾಲ್‌ರೂಮ್’ ಅನ್ನೋ ವೇಷ, ನಡಿಗೆ, ನೃತ್ಯದ ಸ್ಪರ್ಧೆಗಳಲ್ಲಿ. ಇವನ್ನ ‘ಇಂಟರ್ನೆಟ್ ಹುಡುಗರ ಭಾಷೆ’ ಅಂತ ತಳ್ಳಿಹಾಕೋದು ಅನ್ಯಾಯ. ಆ ಉಚ್ಚಾರಣೆಯನ್ನ ಅಣಕಿಸಿ ಮಾತಾಡೋದಂತೂ ಬೇಡವೇ ಬೇಡ, ಕೇಳಿದವರಿಗೆ ನೋವಾಗತ್ತೆ.

ಅಂದ ಹಾಗೆ ಈ ‘ಬ್ಯಾಡ್’ಗೆ ತರತಮ ರೂಪವೇ ಬೇರೆ. ಕೆಟ್ಟದ್ದಾದ್ರೆ ‘ವರ್ಸ್ಟ್’, ಹೊಗಳಿಕೆ ಆದ್ರೆ ‘ಬ್ಯಾಡೆಸ್ಟ್’.

ಕಲ್ಲು_ಸಕ್ಕರೆ:
ಕೇಳೋಕೆ ಬೇಕು ಅನ್ನೋದು ಒಪ್ಪಿದೆ. ಬಳಸೋ ವಿಷಯದಲ್ಲಿ ನನ್ನ ಮಾತು ಅದೇ.

ಥೇಮ್ಸ್_ಕಾವೇರಿ:
ಹೊಗಳಿಕೆ ವೇಷದ ಚುಚ್ಚುಮಾತೂ ತಿಳಿದಿರಲಿ. ಬ್ರಿಟಿಷ್ ಮೀಟಿಂಗ್‌ನಲ್ಲಿ ‘ದಟ್ಸ್ ಎ ವೆರಿ ಬ್ರೇವ್ ಪ್ರಪೋಸಲ್’ ಅಂದ್ರೆ ನಿಮ್ಮ ಪ್ರಸ್ತಾಪ ಮುಳುಗತ್ತೆ ಅಂತ ಅವರ ಲೆಕ್ಕ. ‘ಇಂಟರೆಸ್ಟಿಂಗ್’ ಅಂದು ಮುಂದಿನ ಪ್ರಶ್ನೆ ಕೇಳದೆ ವಿಷಯ ಬದಲಿಸಿದ್ರೆ ಆಸಕ್ತಿ ಇಲ್ಲ ಅಂತ. ಅಮೆರಿಕದ ದಕ್ಷಿಣದಲ್ಲಿ ‘ಬ್ಲೆಸ್ ಯುವರ್ ಹಾರ್ಟ್’ ನಿಜವಾದ ಕನಿಕರವೂ ಆಗಬಹುದು, ‘ಪಾಪ, ಬುದ್ಧಿ ಸಾಲದು’ ಅಂತಲೂ ಆಗಬಹುದು. ಏನೋ ಕೈಜಾರಿ ಬಿದ್ದಾಗ ‘ನೈಸ್ ಒನ್’, ‘ಗುಡ್ ಜಾಬ್, ಜೀನಿಯಸ್’ ಅಂದ್ರೆ ಅನುಮಾನವೇ ಬೇಡ. ‘ಭೇಷ್ ಕಣಪ್ಪ’ ಅಂತ ನಾವೂ ಅಂತೀವಲ್ಲ, ಹಾಗೆ.

ಹೊಸ_ಬಳ್ಳಾರಿ:
ಎರಡನೇ, ಮೂರನೇ ಪ್ರಶ್ನೆ ಬಾಕಿ ಉಳೀತು. ಏನು ಉತ್ತರ ಕೊಡೋದು, ಆಫೀಸಿನಲ್ಲಿ ಯಾವುದು?

ಡಬ್ಲಿನ್_ದೋಸೆ:
ಉತ್ತರ ಸುಲಭ. ಅವರು ಯಾವ ಪದ ಬಳಸಿದ್ರೂ ‘ಥ್ಯಾಂಕ್ಸ್, ಗ್ಲ್ಯಾಡ್ ಯು ಲೈಕ್ಡ್ ಇಟ್’ ಎಲ್ಲ ಕಡೆ ಸಲ್ಲತ್ತೆ. ಬ್ರಿಟನ್, ಐರ್ಲೆಂಡಲ್ಲಿ ‘ಚಿಯರ್ಸ್’ ಅಂದ್ರೂ ಥ್ಯಾಂಕ್ಸ್ ಅಂತಲೇ, ಗ್ಲಾಸ್ ಎತ್ತಬೇಕಾಗಿಲ್ಲ. ‘ಅಯ್ಯೋ, ನಂದೇನಿಲ್ಲ ಬಿಡಿ’ ಅನ್ನೋ ನಮ್ಮ ವಿನಯವನ್ನ ಹಾಗೇ ಇಂಗ್ಲಿಷಿಗೆ ಇಳಿಸಿ ‘ನೋ ನೋ, ಇಟ್ಸ್ ನಥಿಂಗ್’ ಅಂದ್ರೆ ಹೊಗಳಿದವರ ಅಭಿರುಚಿಯನ್ನೇ ತಳ್ಳಿಹಾಕಿದ ಹಾಗೆ ಕೇಳಿಸಬಹುದು. ಮೊದಲು ಥ್ಯಾಂಕ್ಸ್, ಆಮೇಲೆ ಬೇಕಾದ್ರೆ ‘ದ ಟೀಮ್ ಹೆಲ್ಪ್ಡ್ ಎ ಲಾಟ್’.

ಕಡಲ_ತಡಿ:
ಆಫೀಸಿಗೆ: ‘ಗ್ರೇಟ್ ವರ್ಕ್’, ‘ನೈಸ್ಲಿ ಡನ್’, ‘ಬ್ರಿಲಿಯಂಟ್’, ‘ಯು ನೈಲ್ಡ್ ಇಟ್’. ಇವು ನಾಲ್ಕೂ ಎಲ್ಲೂ ಎಡವುವುದಿಲ್ಲ. ‘ಕಿಲ್ಡ್ ಇಟ್’ ಸಮವಯಸ್ಕರ ತಂಡದಲ್ಲಿ ಆಗ್ತದೆ. ‘ಸ್ಲೇ’, ‘ಏಟ್’, ‘ಬಸಿನ್’ ಬೇಡ. ‘ಹಾಟ್’, ‘ಸೆಕ್ಸಿ’ ವಿನ್ಯಾಸಕ್ಕೆ ಹೇಳಿದರೂ ಬೇಡ, ದೂರು ಬರಬಹುದು.

ತಪ್ಪುವ ಜಾಗ ಇನ್ನೊಂದು: ಕನ್ನಡದಲ್ಲಿ ‘ತುಂಬಾ ಸಖತ್ತಾಗಿದೆ’ ಅಂತೇವೆ, ಅದೇ ಅಭ್ಯಾಸದಲ್ಲಿ ‘ವೆರಿ ಫೈರ್’, ‘ವೆರಿ ಗೋಟ್’ ಬರ್ತದೆ. ಅವು ಮೂಲದಲ್ಲಿ ನಾಮಪದ, ‘ವೆರಿ’ ಅಂಟುವುದಿಲ್ಲ. ‘ಅಬ್ಸೊಲ್ಯೂಟ್ ಫೈರ್’ ಆಗ್ತದೆ. ‘ಸಿಕ್’ಗೆ ‘ಸೋ ಸಿಕ್’, ‘ಪ್ರಿಟಿ ಸಿಕ್’ ಸರಿ. ‘ವೆರಿ ಸಿಕ್’ ಅಂದಕೂಡಲೇ ಆಸ್ಪತ್ರೆ ನೆನಪಾಗ್ತದೆ.

ಮೇಷ್ಟ್ರು_ಮಂಡ್ಯ:
ನೋಟ್‌ಬುಕ್ಕಲ್ಲಿ ನಾಲ್ಕು ಕಾಲಂ ಹಾಕ್ಕೊಳ್ಳಿ: ಪೂರ್ತಿ ವಾಕ್ಯ, ಹೇಳಿದವರ ದೇಶ ಮತ್ತು ಅಂದಾಜು ವಯಸ್ಸು, ಯಾವುದರ ಬಗ್ಗೆ ಹೇಳಿದ್ದು, ಕೇಳಿದವರು ಏನು ಮಾಡಿದ್ರು. ಕೊನೇ ಕಾಲಂ ಬಹಳ ಮುಖ್ಯ, ಕೇಳಿದವರು ನಕ್ಕು ಥ್ಯಾಂಕ್ಸ್ ಅಂದ್ರೆ ತೀರ್ಪು ಅಲ್ಲೇ ಸಿಕ್ತು. ಬೇರೆ ಬೇರೆ ಮೂರು ಬಾಯಲ್ಲಿ ಒಂದೇ ಅರ್ಥ ಕೇಳೋ ತನಕ ನೀವು ಬಳಸಬೇಡಿ. ಒಂಟಿ ಪದ ಬರೆದಿಟ್ಟರೆ ಪ್ರಯೋಜನ ಇಲ್ಲ.

1999ರಲ್ಲಿ ಶುರುವಾದ ಅರ್ಬನ್ ಡಿಕ್ಷನರಿ ಯಾರು ಬೇಕಾದ್ರೂ ಬರೆಯೋ ತಾಣ. ಹೊಸ ಪದಕ್ಕೆ ಸುಳಿವು ಸಿಗುತ್ತೆ, ಪೋಲಿ ಕಲ್ಪನೆಗಳೂ ಅಷ್ಟೇ ಸಿಗುತ್ತವೆ. ಅಲ್ಲಿ ಸಿಕ್ಕಿದ್ದನ್ನ ಒಂದು ಸಂಪಾದಿತ ನಿಘಂಟಲ್ಲಿ ಹೋಲಿಸಿ. ‘ಇನ್‌ಫಾರ್ಮಲ್’, ‘ಡೇಟೆಡ್’, ‘ವಲ್ಗರ್’ ಅನ್ನೋ ಪುಟ್ಟ ಪಟ್ಟಿ ಅರ್ಥಕ್ಕಿಂತ ಮೊದಲು ಓದಿ.

ಹೊಸ_ಬಳ್ಳಾರಿ:
ಈಗಲೇ ಪರೀಕ್ಷೆ ಮಾಡ್ತೀನಿ. ಅದೇ ವಿಡಿಯೋ ಕೆಳಗೆ ಹೊಸ ಕಾಮೆಂಟ್: ‘ಅಬ್ಸೊಲ್ಯೂಟ್ ಬ್ಯಾಂಗರ್, ಮೇಟ್’. ವಿಷಯ ಹಾಡು. ‘ಮೇಟ್’ ಇದೆ, ಹಾಗಾಗಿ ಬ್ರಿಟನ್ ಅಥವಾ ಆಸ್ಟ್ರೇಲಿಯಾ. ‘ಬ್ಯಾಂಗ್ಸ್’ ಹೊಗಳಿಕೆ ಅಂತ ಅಕ್ಕ ಹೇಳಿದ್ರು. ಗಿಟಾರ್ ಬಾರಿಸಿದವರು ‘ಚಿಯರ್ಸ್’ ಅಂತ ಉತ್ತರ ಕೊಟ್ಟಿದ್ದಾರೆ. ಹೊಗಳಿಕೆ, ಅಲ್ವಾ?

ಕಡಲ_ತಡಿ:
ನೂರಕ್ಕೆ ನೂರು.

ಥೇಮ್ಸ್_ಕಾವೇರಿ:
ಸರಿ. ಹಾಡಿಗೆ, ಫುಟ್‌ಬಾಲ್ ಗೋಲಿಗೆ ‘ಬ್ಯಾಂಗರ್’ ಹೊಗಳಿಕೆ. ತಟ್ಟೆಯಲ್ಲಿ ಬಂದ್ರೆ ಸಾಸೇಜ್. ಯಾರದಾದ್ರೂ ಕಾರಿಗೆ ‘ಓಲ್ಡ್ ಬ್ಯಾಂಗರ್’ ಅಂದ್ರೆ ಡಕೋಟ ಗಾಡಿ. ಕಾರಿನ ವಿಡಿಯೋ ಕೆಳಗೆ ಬರೆಯೋ ಮುಂಚೆ ನೋಡ್ಕೊಳ್ಳಿ.